ಬಿಚ್ಚಿದ್ದ ಸ್ಟೇರಿಂಗಿಗೆ ಚಕ್ರ ತಿರುಗಿದ್ದು

ದೆವ್ವ, ಪವಾಡ ಅಂತ ಯಾರಾದರೂ ಮಾತು ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಲಾರಿ ಓಡಿಸುವವರಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಘಾಟಿನಲ್ಲಿ ಕೈ ಮಾಡಿ ನಿಲ್ಲಿಸಿದ ಹೆಂಗಸು, ತಾನಾಗಿಯೇ ಬಿದ್ದ ಬ್ರೇಕು, ಎಲ್ಲವನ್ನೂ ಕೇಳಿದ್ದೇನೆ. ನಿದ್ದೆಗೆಟ್ಟವರ ಮಾತು ಎಂದು ತಳ್ಳಿಹಾಕಿದ್ದೇನೆ. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಬರುವುದು ಸಿಟ್ಟೇ.

ನಮ್ಮದೊಂದು ಹಳೆಯ ಲಾರಿ ಇತ್ತು. ನನ್ನದೂ ಅಣ್ಣ ಚನ್ನಬಸಪ್ಪನದೂ ಸಮಪಾಲು. ಓಡಿಸುವವನು ನಾನು. ಹುಬ್ಬಳ್ಳಿಯಲ್ಲಿ ಕೂತು ಬಾಡಿಗೆ ಗೊತ್ತುಮಾಡುವವನು ಅವನು. ಹೆಬ್ಬಳ್ಳಿ ಕಡೆಯಿಂದ ಹತ್ತಿ, ಕಡಲೆ, ಗೋವಿನಜೋಳ ತುಂಬಿಕೊಂಡು ಬರುವುದು ನಮ್ಮ ಕೆಲಸ. ಆ ವರ್ಷ ಸ್ಟೇರಿಂಗು ಎಷ್ಟು ಲೂಜಾಗಿತ್ತೆಂದರೆ, ಕಾಲು ಸುತ್ತು ತಿರುಗಿಸಿದ ಮೇಲೆ ಚಕ್ರಕ್ಕೆ ಸುದ್ದಿ ಮುಟ್ಟುತ್ತಿತ್ತು. ನೇರ ರಸ್ತೆಯಲ್ಲೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿದ್ದುತ್ತಲೇ ಇರಬೇಕು. ಅಣ್ಣನಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

"ಹಳೀ ಗಾಡಿ ಅಂದ್ರ ಹಂಗ ಇರತೈತಿ. ಸಾವಕಾಶ ಹೊಡಿ," ಎನ್ನುವುದೊಂದೇ ಅವನ ಉತ್ತರ.

ಒಂದು ಬೆಳಿಗ್ಗೆ ಧಾರವಾಡದ ದಾರಿಯಲ್ಲಿ ಎದುರಿಗೆ ಒಂದು ಬೈಕು ಬಂತು. ಗಂಡ, ಹೆಂಡತಿ, ನಡುವೆ ಕೂಸು. ಲಾರಿ ಬಲಕ್ಕೆ ಎಳೆಯುತ್ತಿತ್ತು. ನಾನು ಎಡಕ್ಕೆ ತಿರುಗಿಸಿದೆ, ಅದು ಬಲಕ್ಕೇ ಹೋಯಿತು. ಆ ಮನುಷ್ಯ ಬೈಕನ್ನು ಹೊಲಕ್ಕೆ ಇಳಿಸಿದ್ದರಿಂದ ಮೂವರೂ ಉಳಿದರು. ಅವನು ಬಂದು ಬಾಯಿಗೆ ಬಂದಂತೆ ಬೈದ. ಬೈಯಬೇಕಾದದ್ದೇ. ಹೆಂಡತಿ ಮಾತ್ರ ಕೂಸನ್ನು ಎದೆಗವಚಿಕೊಂಡು ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು. ಅಣ್ಣನನ್ನು ಕೇಳಲು ಹೋಗಲಿಲ್ಲ. ಗೋಕುಲ ರಸ್ತೆಯ ಹಿಂದಿನ ಓಣಿಯಲ್ಲಿದ್ದ ಬಾಬಾಜಾನ್ ಮಿಸ್ತ್ರಿಯ ಶೆಡ್ಡಿಗೆ ಲಾರಿಯನ್ನು ತಂದು ನಿಲ್ಲಿಸಿದೆ.

ಮಿಸ್ತ್ರಿ ಮುಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿ, ಕಟ್ಟಿಗೆಯ ದಿಮ್ಮಿ ಕೊಟ್ಟು, ಅಡಿಗೆ ಹೊಕ್ಕ. ಸ್ಟೇರಿಂಗಿನ ತಿರುವನ್ನು ಚಕ್ರಕ್ಕೆ ಒಯ್ಯುವ ಉದ್ದನೆಯ ರಾಡೊಂದು ಇರುತ್ತದೆ. ಅದನ್ನು ಬಿಚ್ಚಿದರೆ ಸ್ಟೇರಿಂಗಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ. ಮಿಸ್ತ್ರಿ ಆ ರಾಡನ್ನು ಹೊರಗೆ ತಂದು ನನ್ನ ಕೈಗೆ ಕೊಟ್ಟ. ಅದರ ಎರಡೂ ತುದಿಯ ಗುಂಡುಗಳು ಸವೆದು ಲೊಡಲೊಡ ಅಲ್ಲಾಡುತ್ತಿದ್ದವು.

"ಕಳಚಿ ಬೀಳಲಾರದ ಇದ್ದದ್ದ ದೊಡ್ಡದ್ರಿ," ಎಂದ.

ಅಷ್ಟರಲ್ಲಿ ಅಣ್ಣ ಸ್ಕೂಟರಿನಲ್ಲಿ ಬಂದ. "ಅಲ್ಲಿ ಹತ್ತಿ ಹೊರಗ ಇಟ್ಟು ಕಾಯಾಕತ್ತಾರ, ನೀ ಇಲ್ಲಿ ಗಾಡಿ ನಿಂದರಿಸಿಕೊಂಡು ಕುಂತೀಯೇನು? ಯಾರನ್ನ ಕೇಳಿ ತಂದಿ?"

ನಾನು ಬೈಕಿನ ಸುದ್ದಿ ಹೇಳಿದೆ.

"ಯಾರರ ಸತ್ತಾರೇನು? ಇಲ್ಲಲ್ಲ?" ಎಂದ.

ಆ ಮಾತಿಗೆ ನನ್ನ ಮೈಯೆಲ್ಲ ಉರಿಯಿತು. ಓಣಿಯ ಜನ ಬಾಗಿಲಿಗೆ ಬಂದು ನೋಡುವಷ್ಟು ಕೂಗಾಡಿದೆವು. ಕೊನೆಗೆ ಅಣ್ಣ ನನ್ನನ್ನು ಪಕ್ಕಕ್ಕೆ ತಳ್ಳಿ ಕ್ಯಾಬಿನ್ ಹತ್ತಿ ಕೂತ. "ಎಲ್ಲೈತಿಲೇ ಲೂಜು? ತೋರಿಸು, ಎಲ್ಲೈತಿ?" ಎನ್ನುತ್ತ ಸ್ಟೇರಿಂಗಿಗೆ ಕೈ ಹಾಕಿದ.

ಸ್ಟೇರಿಂಗು ಎಡಕ್ಕೆ ತಿರುಗಿತು. ಎರಡೂ ಚಕ್ರಗಳು ಎಡಕ್ಕೆ ತಿರುಗಿದವು. ಸ್ಟೇರಿಂಗು ಬಲಕ್ಕೆ ಬಂತು. ಚಕ್ರಗಳೂ ಜೊತೆಯಲ್ಲೇ ಬಲಕ್ಕೆ ಬಂದವು. ನಡುವೆ ಒಂದಿಷ್ಟೂ ತಡವಿಲ್ಲ. ಹೊಸ ಲಾರಿ ಕೂಡ ಅಷ್ಟು ಬಿಗಿಯಾಗಿ ಮಾತು ಕೇಳುವುದಿಲ್ಲ.

ರಾಡು ನನ್ನ ಕೈಯಲ್ಲಿತ್ತು.

ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತಿದ್ದ ಮಿಸ್ತ್ರಿ ಹಿಂದಕ್ಕೆ ಸರಿದು, ಒಮ್ಮೆ ಲಾರಿಯ ಅಡಿಗೆ, ಒಮ್ಮೆ ನನ್ನ ಕೈಯ ಕಡೆಗೆ ನೋಡಿದ. ನಾನೂ ಬಗ್ಗಿ ನೋಡಿದೆ. ರಾಡು ಇರಬೇಕಾದ ಜಾಗ ಖಾಲಿ. ಅದರಾಚೆ ಶೆಡ್ಡಿನ ಗೋಡೆ ಕಾಣುತ್ತಿತ್ತು. ಹಾಡುಹಗಲು, ಮಧ್ಯಾಹ್ನದ ಬಿಸಿಲು. ಕಣ್ಣು ಮಂಜಾಗುವ ಮಾತೇ ಇಲ್ಲ.

ಮೇಲಿಂದ ಅಣ್ಣ ಕೂಗಿದ: "ನೋಡಿದಿ? ಛಲೋ ಐತಿ! ಜಾಕ್ ಇಳಸ್ರಿ ಮಿಸ್ತ್ರಿ, ಗಾಡಿ ನಾನ ಒಯ್ತೇನಿ." ಇಂಜಿನ್ ಚಾಲೂ ಮಾಡಿಯೇಬಿಟ್ಟ.

ನಾನು ಲಾರಿಯ ಎದುರಿಗೆ ಹೋಗಿ ನಿಂತು ರಾಡನ್ನು ಎತ್ತಿ ಹಿಡಿದೆ. "ಅಣ್ಣಾ, ಇಳಿ! ಸ್ಟೇರಿಂಗಿನ ರಾಡು ಇಲ್ಲೈತಿ ನೋಡು, ನನ್ನ ಕೈಯಾಗ!"

ಅವನು ಗಾಜಿನೊಳಗಿಂದ ರಾಡನ್ನೇ ದಿಟ್ಟಿಸಿದ. ಆಮೇಲೆ ಮತ್ತೆ ತಿರುಗಿಸಿ ನೋಡಿದ. ಈ ಸಲ ಸ್ಟೇರಿಂಗು ಬಾವಿಯ ಗಡಗಡಿಯಂತೆ ಬರಿದೇ ತಿರುಗಿತು. ಚಕ್ರಗಳು ಕದಲಲಿಲ್ಲ. ಅಣ್ಣನ ಮುಖ ಬಿಳಿಚಿಕೊಂಡಿತು. ಇಂಜಿನ್ ನಿಲ್ಲಿಸಿ ಇಳಿದು, "ಇಬ್ಬರೂ ಕೂಡಿ ನನ್ನ ಮಂಗ್ಯಾ ಮಾಡತೀರೇನು?" ಎಂದವನೇ ಸ್ಕೂಟರ್ ಹತ್ತಿ ಹೋದ.

ಮಿಸ್ತ್ರಿ ಹೊಸ ಗುಂಡುಗಳನ್ನು ಹಾಕಿ ರಾಡು ಜೋಡಿಸಿಕೊಟ್ಟ. ಸ್ಟೇರಿಂಗು ಸರಿಯಾಯಿತು. ಆ ಸಂಗತಿ ಎತ್ತಿದಾಗ, "ಜಾಕಿನ ಮ್ಯಾಲಿನ ಚಕ್ರ ಅಲ್ರಿ, ಅಲ್ಲಾಡತಾವ," ಎಂದ, ನನ್ನ ಮುಖ ನೋಡದೆ. ಅಲ್ಲಾಡುತ್ತವೆ, ಒಪ್ಪುತ್ತೇನೆ. ಆದರೆ ಸ್ಟೇರಿಂಗಿನ ಜೊತೆ ಜೊತೆಗೆ, ಆ ತುದಿಯಿಂದ ಈ ತುದಿಯವರೆಗೆ?

ಮನೆಯವರು ದೇವರ ಆಟ ಎಂದರು. ಯಾವ ದೇವರು? ಕೆಟ್ಟ ಲಾರಿಯನ್ನು ನೆಟ್ಟಗಿದೆ ಎಂದು ತೋರಿಸಿ, ಒಬ್ಬ ಮೊಂಡ ಮನುಷ್ಯನ ಕೈಗೆ ಕೊಟ್ಟು ರಸ್ತೆಗೆ ಬಿಡುವ ದೇವರೇ? ನಾನು ಅಡ್ಡ ನಿಲ್ಲದಿದ್ದರೆ ಅಣ್ಣ ಅದನ್ನು ಗೋಕುಲ ರಸ್ತೆಯ ಜನಸಂದಣಿಗೆ ಇಳಿಸುತ್ತಿದ್ದ. ಅದು ಏನೇ ಇರಲಿ, ನಿಂತದ್ದು ಸುಳ್ಳಿನ ಪಕ್ಷದಲ್ಲಿ. ಅದಕ್ಕೇ ನನಗೆ ಅದರ ಮೇಲೂ ಸಿಟ್ಟು.

ಅಣ್ಣನ ಮಾತು ಬೇರೆ. ತಮ್ಮನೂ ಮಿಸ್ತ್ರಿಯೂ ಸೇರಿ ನಾಟಕ ಹೂಡಿದರು ಎಂದು ಊರೆಲ್ಲ ಹೇಳಿಕೊಂಡು ಬಂದ. ಲಾರಿ ಮಾರಿದೆವು. ಮಾತುಕತೆ ಲಗ್ನ, ಮರಣಕ್ಕಷ್ಟೇ ಉಳಿಯಿತು.

ಹೋದ ವರ್ಷ ವಿದ್ಯಾನಗರದಲ್ಲಿ ಅವನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಬೀಗರ ಮುಂದೆ ಅದೇ ಕಥೆ, ಅದೇ ನಗು. ನಾನು ಅರ್ಧಕ್ಕೇ ಎದ್ದು ಕೈ ತೊಳೆಯಲು ಹೋದೆ. ಸ್ವಲ್ಪ ಹೊತ್ತಿಗೆ ಅಣ್ಣ ಬಂದು ಪಕ್ಕದ ನಳ ತಿರುವಿದ. ನನ್ನ ಕಡೆ ನೋಡದೆ ಹೇಳಿದ:

"ಖರೇ ಹೇಳ್ತೇನಿ. ಅವತ್ತ ಮದಲ ಸಲ ನಾ ಸ್ಟೇರಿಂಗ್ ತಿರುವಿದ್ದಿಲ್ಲೋ. ಅದ ತಿರುಗಾಕತ್ತಿತ್ತು. ನಾ ಬರೇ ಹಿಡಕೊಂಡಿದ್ದೆ. ಕೈ ಬಿಡಾಕ ಬರಲಿಲ್ಲ."

"ಮತ್ತ ಇಷ್ಟು ವರ್ಷ ನನ್ನ ಮ್ಯಾಲೆ ಯಾಕ ಹಾಕಿದಿ?"

ಅವನು ನಳ ಬಂದ್ ಮಾಡಿದ. ಟವೆಲಿನಿಂದ ಕೈ ಒರೆಸಿಕೊಂಡು ಒಳಗೆ ಹೋದ. ನನಗೆ ಏನೆಂದುಕೊಳ್ಳಬೇಕೋ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ. ಅಲ್ಲೇ ನಿಂತಿದ್ದೆ. ಒಳಗಡೆ ಈಗಷ್ಟೇ ಬಂದು ಕೂತ ಇನ್ಯಾರಿಗೋ ಅವನು ಕಥೆಯನ್ನು ಮೊದಲಿನಿಂದ ಹೇಳತೊಡಗಿದ. ಅದರಲ್ಲಿ ಅವನನ್ನು ಮಂಗ್ಯಾ ಮಾಡಿದವನು ಮತ್ತೆ ನಾನೇ.