ಹೊಂಡದ ದಂಡೆಗೆ ಹಾಸಿದ ಚೀಲಗಳು

ಆ ಹೊಂಡದ ನೆನಪಾದರೆ ನನಗೆ ಇವತ್ತಿಗೂ ವಾಕರಿಕೆ ಬರುತ್ತದೆ. ಬಾಲ್ಯ ಅಂದ ಕೂಡಲೇ ಜನ ಬೆಲ್ಲ ತಿಂದವರ ಹಾಗೆ ಬಾಯಿ ಚಪ್ಪರಿಸಿ ಮಾತಾಡುತ್ತಾರೆ. ಮಾತಾಡಲಿ, ಯಾರು ಬೇಡ ಅಂದರು? ನನ್ನ ಬಾಲ್ಯದ ಈ ಒಂದು ತುಣುಕು ಮಾತ್ರ ಬರೀ ಹೇಸಿಗೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ರಾಣೆಬೆನ್ನೂರಿನಲ್ಲಿ ಒಂಬತ್ತನೇ ಇಯತ್ತೆ ಓದುತ್ತಿದ್ದೆ. ಅಪ್ಪನದು ಬೀಜದ ಅಂಗಡಿ. ಈಜು ಕಲಿತದ್ದು ಮೇಡ್ಲೇರಿಯಲ್ಲಿ, ಸೂಟಿಗೆ ಸೋದರಮಾವನ ಮನೆಗೆ ಹೋದಾಗ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ಹೊಳೆಗೆ ಬಿದ್ದು. ಬುರುಡೆ ಬಿಚ್ಚಿದ ಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಆದರೆ ಬೆಳೆದ ಹುಡುಗಿ ಮಂದಿಯ ಮುಂದೆ ಚಡ್ಡಿ ಹಾಕಿಕೊಂಡು ಈಜುವುದು ಅಪ್ಪನಿಗೆ ಸುತರಾಂ ಸೇರುತ್ತಿರಲಿಲ್ಲ. ನಾನು ಅತ್ತು ಕರೆದು ಉಪವಾಸ ಬಿದ್ದ ಮೇಲೆ ಒಂದು ಕರಾರು ಹಾಕಿದ.

“ಈ ಸಲ ಧಾರವಾಡಕ್ಕ ಹೋಗಿ ಈಜಿ ಬಂದಿ ಅಂದ್ರ ಮುಂದೂ ಈಜು, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಾಂದ್ರ ಇಲ್ಲಿಗೇ ಮುಗೀತು ನೋಡು.”

ಆಗ ನಮಗೆ ಜಿಲ್ಲೆ ಅಂದರೆ ಧಾರವಾಡ. ಅಲ್ಲಿನ ಜಿಲ್ಲಾ ಸ್ಪರ್ಧೆಗೆ ಹೋಗಬೇಕಾದರೆ ಮೊದಲು ಇಲ್ಲಿ ಗೆಲ್ಲಬೇಕು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆಯ ಶಾಲೆಗಳಿಗೆ ಸೇರಿಸಿ ಒಂದೇ ಸ್ಪರ್ಧೆ. ಈಜುಕೊಳ ಎಲ್ಲಿಂದ ತರುವುದು? ಬ್ಯಾಡಗಿಯ ಒಬ್ಬ ಮೆಣಸಿನಕಾಯಿ ಸಾಹುಕಾರರು ತಮ್ಮ ತೋಟದ ಹೊಂಡ ಬಿಟ್ಟುಕೊಟ್ಟಿದ್ದರು. ಕಲ್ಲು ಕಟ್ಟಿದ ಉದ್ದನೆಯ ಹೊಂಡ. ಉಪಕಾರವೇ, ಇಲ್ಲ ಅನ್ನಲಾರೆ. ಆದರೆ ಹಿಂದಿನ ದಿನದವರೆಗೂ ಅದರಲ್ಲಿ ಎಮ್ಮೆಗಳ ಮೈ ತೊಳೆಯುತ್ತಿದ್ದರು. ಮೂಲೆಯಲ್ಲಿ ಸಗಣಿ ತೇಲುತ್ತಿತ್ತು. ನಾವು ಹೋದಾಗ ಒಬ್ಬ ಆಳು ಬಕೆಟ್ಟಿನಿಂದ ಬ್ಲೀಚಿಂಗ್ ಪೌಡರ್ ಎರಚುತ್ತಿದ್ದ. ಅದು ಸಗಣಿಯ ಮೇಲೆ ಬಿದ್ದು ಹಾಲಿನ ಕೆನೆಯ ಹಾಗೆ ಬೆಳ್ಳಗೆ ಕಟ್ಟಿಕೊಂಡಿತು. ಥೂ!

ಉದ್ಘಾಟನೆಗೆ ಬಂದ ಒಬ್ಬ ದೊಡ್ಡ ಮನುಷ್ಯರು ಮಕ್ಕಳ ಆರೋಗ್ಯದ ಮೇಲೆ ಉದ್ದನೆಯ ಭಾಷಣ ಬಿಗಿದರು. ಆಮೇಲೆ ಕುರ್ಚಿಯಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಬಾಯಿ ತುಂಬಿದ ಮೇಲೆ ಎದ್ದು ದಂಡೆಗೆ ಬಂದು ನೀರಿಗೇ ಪಿಚಕ್ಕನೆ ಉಗಿದು ಹೋದರು. ಆ ನೀರಿನಲ್ಲಿ ಬಾಯಿ ತೆರೆದು ಉಸಿರು ಎಳೆದುಕೊಳ್ಳಬೇಕಾದವರು ನಾವು.

ದಂಡೆಯ ಕಲ್ಲಿಗೆಲ್ಲ ಪಾಚಿ ಹಿಡಿದಿತ್ತು. ಕುಪ್ಪೇಲೂರಿನ ಒಬ್ಬ ಹುಡುಗಿ ಜಾರಿ ಬಿದ್ದು ಮೊಣಕಾಲು ಒಡೆದುಕೊಂಡಳು. ನಮ್ಮ ಶಾಲೆಯ ಆಟದ ಮಾಸ್ತರು ಗಾಬರಿಯಾಗಿ ಸಾಹುಕಾರರ ಹತ್ತಿರ ಓಡಿದರು.

“ಹುಡುಗ್ಯಾರು ಜಾರಾಕತ್ತಾರ್ರಿ, ಏನರ ಹಾಸಬೇಕಾಗೇತ್ರಿ.”

“ಅದಕ್ಕೇನ್ರಿ, ಗೋದಾಮಿನ್ಯಾಗ ಬೇಕಾದಷ್ಟು ಖಾಲಿ ಚೀಲ ಅದಾವ. ಈಗ ತರಸ್ತೇನಿ,” ಅಂದರು ಸಾಹುಕಾರರು.

ಬ್ಯಾಡಗಿಯ ಗೋದಾಮಿನಲ್ಲಿ ಯಾವ ಚೀಲ ಇರುತ್ತವೆ? ಮೆಣಸಿನಕಾಯಿ ತುಂಬಿ ಖಾಲಿ ಮಾಡಿದ ಗೋಣಿಚೀಲ. ವರ್ಷವಿಡೀ ಅದೇ ಘಾಟಿನಲ್ಲಿ ಬದುಕುವ ಮಂದಿಗೆ ಅದು ಮೂಗಿಗೆ ತಿಳಿಯುವುದೇ ಇಲ್ಲ. ಅಷ್ಟು ಜನ ಹಿರಿಯರು ನಿಂತಿದ್ದರು, ಒಬ್ಬರಿಗಾದರೂ ಹೊಳೆಯಬೇಕೋ ಬೇಡವೋ? ಒಪ್ಪವಾಗಿ ಹಾಸಿದರು. ಸರಿಯದಿರಲಿ ಎಂದು ಮೇಲೆ ನೀರನ್ನೂ ಚಿಮುಕಿಸಿದರು. ನಮ್ಮ ಸರದಿ ಬರುವ ತನಕ ಅದರ ಮೇಲೆಯೇ ಕುಂದ್ರಿ ಅಂದರು.

ಮೊದಲು ತೊಡೆ ಚುರುಚುರು ಅಂದಿತು. ಕೈಯಿಂದ ಉಜ್ಜಿಕೊಂಡೆವು, ಅದೇ ಕೈಯಿಂದ ಮುಖ ಒರೆಸಿಕೊಂಡೆವು, ಅಲ್ಲಿಗೆ ಕಥೆ ಮುಗಿಯಿತು. ಒಡೆದ ಮೊಣಕಾಲನ್ನು ಚೀಲಕ್ಕೆ ಊರಿದ ಹುಡುಗಿಯ ಕಿರುಚಾಟ ಈಗಲೂ ನನ್ನ ಕಿವಿಯಲ್ಲಿದೆ. ಕಣ್ಣು ತೊಳೆಯಲು ನಾವು ನೀರಿನ ಕೊಡದ ಹತ್ತಿರ ಹೋದರೆ ಯಾರೋ ಅಡ್ಡ ಬಂದು, “ಅದು ಅತಿಥಿಗಳ ಕುಡಿಯೋ ನೀರು, ಮುಟ್ಟಬ್ಯಾಡ್ರಿ, ಹೊಂಡದಾಗ ತೊಳಕೋರಿ,” ಅಂದರು. ಸಗಣಿ, ಪೌಡರು, ಎಂಜಲು ಎಲ್ಲ ಬೆರೆತ ಆ ನೀರನ್ನೇ ಕಣ್ಣಿಗೆ ಎರಚಿಕೊಂಡೆವು.

ಸೀಟಿ ಊದಿದಾಗ ನನಗೆ ಆಚೆ ದಂಡೆ ಕಾಣುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿಕೊಂಡೇ ಹಾರಿದೆ. ಅಪ್ಪನ ಕರಾರು ಒಂದೇ ತಲೆಯಲ್ಲಿತ್ತು. ಹುಚ್ಚಿಯ ಹಾಗೆ ಕೈ ಬೀಸಿ ಬೀಸಿ ಕೊನೆಗೆ ಕೈಬೆರಳು ಕಲ್ಲಿಗೆ ಬಡಿಯಿತು. ಮೊದಲು ಮುಟ್ಟಿದ್ದು ನಾನೇ.

ಮನೆಗೆ ಬಂದ ಮೇಲೆ ಅವ್ವ ಹಾಲಿನಲ್ಲಿ ಅರಿವೆ ಅದ್ದಿ ಕಣ್ಣಿನ ಮೇಲೆ ಇಟ್ಟಳು. ಮುಂಜಾನೆ ಏಳುವಾಗ ಗೀಜು ಕಟ್ಟಿ ರೆಪ್ಪೆ ಅಂಟಿಕೊಂಡಿರುತ್ತಿದ್ದವು. ನಾನು ಮಾತ್ರ ಒಳಗೊಳಗೇ ಕುಣಿಯುತ್ತಿದ್ದೆ. ಅಪ್ಪ ಕೂಡ ಸ್ಟೇಷನ್ನಿಗೆ ಹೋಗಿ ಧಾರವಾಡದ ಗಾಡಿಯ ಹೊತ್ತು ವಿಚಾರಿಸಿಕೊಂಡು ಬಂದಿದ್ದ. ಉರಿ ಇಳಿಯಿತು, ಕೆಂಪು ಮಾತ್ರ ಇಳಿಯಲಿಲ್ಲ.

ಹೊರಡುವ ಹಿಂದಿನ ದಿನ ಮಾಸ್ತರು ಮನೆಗೆ ಬಂದರು. ಕುಳಿತು ಅಪ್ಪನಿಗೆ ಹೇಳಿದರು: “ಕಣ್ಣು ಕೆಂಪಗಿದ್ದವರನ್ನ ಧಾರವಾಡದ ಕೊಳಕ್ಕ ಇಳಸಂಗಿಲ್ರಿ, ನಿಯಮ ಐತಿ. ಉಳದ ಹುಡುಗ್ಯಾರ ಆರೋಗ್ಯಾನೂ ನೋಡಬೇಕಲ್ರಿ. ಎಲ್ಲಾರ ಕಣ್ಣೂ ಕೆಂಪ ಅದಾವ, ನಮ್ಮ ಕಡಿಂದ ಹೆಣ್ಣಹುಡುಗ್ಯಾರನ್ನ ಯಾರನ್ನೂ ಕರಕೊಂಡು ಹೊಂಟಿಲ್ಲ.”

ನೋಡಿ, ಆರೋಗ್ಯದ ನೆನಪಾದದ್ದು ಆವಾಗ.

“ಸರ, ಇದು ಅಂಟೋ ಕಣ್ಣಬ್ಯಾನಿ ಅಲ್ಲರಿ. ಆ ಚೀಲದ ಖಾರದಿಂದ ಆಗೇತ್ರಿ. ಹಂಗಂತ ಅವರಿಗೆ ಹೇಳ್ರಿ,” ಅಂದೆ.

“ಖರೇ ಐತೆವಾ, ನನಗ ಗೊತ್ತಿಲ್ಲೇನು? ಆದ್ರ ಹಂಗ ಹೇಳಿದ್ರ ಸಾಹುಕಾರ್ರ ಹೆಸರು ಕೆಡತೈತಿ. ಮುಂದಿನ ವರ್ಷ ಹೊಂಡ ಕೊಡ್ತಾರೇನು?”

ಅಪ್ಪ ಹೌದೆಂದು ತಲೆ ಆಡಿಸಿದ. ಅವ್ವ ಚಹಾ ತಂದುಕೊಟ್ಟಳು. ಮಾಸ್ತರು ಕಪ್ಪಿನಿಂದ ಬಶಿಗೆ ಸುರುವಿಕೊಂಡು ಸೊರಸೊರ ಕುಡಿದು, ಚಹಾ ಚಲೋ ಆಗೇತ್ರಿ ಅಂದರು. ಆ ಸದ್ದಿಗೆ ನನಗೆ ಹೊಂಡದ ಎಲ್ಲ ಹೊಲಸಿಗಿಂತ ಹೆಚ್ಚು ಹೇಸಿಗೆಯಾಯಿತು. ಅವರನ್ನು ಬಾಗಿಲ ತನಕ ಕಳಿಸಿ ಬಂದ ಅಪ್ಪ ನನ್ನ ಮುಖ ನೋಡದೆ, “ಮಾತಾಗೇತಲ್ಲವಾ, ಇನ್ನ ನೀರಿಗೆ ಇಳೀಬ್ಯಾಡ,” ಅಂದ.

ನಾನು ಇಳಿಯಲಿಲ್ಲ. ಮುಂದಿನ ವರ್ಷ ಸಾಹುಕಾರರು ಹೊಂಡ ಕೊಟ್ಟರು.