ತಟ್ಟೆಯಲ್ಲಿ ಬಿದ್ದ ಕಣ

ಪರಸಪ್ಪನನ್ನು ನಾನು ಮೊದಲು ಕಂಡ ದಿನ ಅವನು ಜಮಖಂಡಿಯ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಗಾಜಿನ ತಟ್ಟೆಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದ. ಇಪ್ಪತ್ತು ವರ್ಷದಿಂದ ಅವನು ಅಲ್ಲಿ ಜವಾನ. ತಟ್ಟೆಯಲ್ಲಿ ರೋಗಾಣು ಬೆಳೆಸಿ, ಎಲೆಯ ರಸದಲ್ಲಿ ಅದ್ದಿದ ಕಾಗದದ ಬಿಲ್ಲೆಗಳನ್ನು ಮೇಲಿಟ್ಟು ಮರುದಿನ ನೋಡುತ್ತಾರೆ. ರಸಕ್ಕೆ ಶಕ್ತಿಯಿದ್ದರೆ ಬಿಲ್ಲೆಯ ಸುತ್ತ ರೋಗಾಣು ಸತ್ತು ದುಂಡಗೆ ತಿಳಿಯಾಗುತ್ತದೆ. ಪುಸ್ತಕದಲ್ಲಿ ಅದಕ್ಕೇನು ಹೆಸರೋ, ಒಕ್ಕಲು ಮನೆತನದ ಪರಸಪ್ಪ ಮಾತ್ರ, ರಾಶಿ ಮಾಡುವ ಕಣದಂತೆ ಕಂಡದ್ದರಿಂದ, ಅದನ್ನು ಕಣ ಎನ್ನುತ್ತಿದ್ದ.

"ಕಣ ಬಿದ್ದೈತಿ ನೋಡ್ರಿ ಸರ," ಎಂದು ಹಿಗ್ಗಿನಿಂದ ತೋರಿಸಿದ. ಅನಗವಾಡಿಯ ಹೊಳೆದಂಡೆಯಿಂದ ಅವನೇ ತಂದ ಲಕ್ಕಿ ಗಿಡದ ಎಲೆಯ ರಸ ಅದು.

ಬೀಳಗಿಯ ಮನೆಯಲ್ಲಿ ಹೆಂಡತಿ ಸುವರ್ಣಾಳ ಕಾಲ್ಬೆರಳಿಗೆ ಹುಣ್ಣಾಗಿತ್ತು. ಸಕ್ಕರೆ ಕಾಯಿಲೆಯ ಹೆಂಗಸು. ಆ ಸಂಜೆ ಪರಸಪ್ಪ ಚೀಲದ ತುಂಬ ಲಕ್ಕಿ ಎಲೆ ಒಯ್ದು ಅರೆದ.

"ಡಾಕ್ಟರು ಬಾಗಲಕೋಟಿಗಿ ಹೋಗ್ರಿ ಅಂದಾರಲ್ರೀ," ಎಂದಳು ಸುವರ್ಣಾ.

"ಅಲ್ಲಿ ಬೆರಳ ಕೊಯ್ತಾರ. ನಾ ಕಣ್ಣಾರೆ ನೋಡೇನಿ, ಕಣ ಬಿದ್ದೈತಿ."

"ಕಣ ತಟ್ಟ್ಯಾಗ ಬಿದ್ದೈತ್ರಿ, ನನ್ನ ಕಾಲಾಗ ಬಿದ್ದಿಲ್ಲ," ಎಂದು ನಕ್ಕು ಕಾಲು ಚಾಚಿದಳು.

ಹತ್ತೊಂಬತ್ತು ದಿನ ಹಳೆಯ ಪಟ್ಟಿ ಬಿಚ್ಚದೆ ಅದರ ಮೇಲೆ ಮೇಲೆಯೇ ಮೆತ್ತಿ ಕಟ್ಟಿದ. ಲಕ್ಕಿಯ ಘಾಟು ಬೇರೆ ವಾಸನೆಯನ್ನೆಲ್ಲ ಮುಚ್ಚಿತ್ತು.

ಆ ಪ್ರಯೋಗ ಎಂ.ಎಸ್ಸಿ. ಓದುವ ಸಂಧ್ಯಾಳದು. ಅವಳು ಅದನ್ನೇ ಮತ್ತೆ ಮಾಡಿದಾಗ ಕಣ ಬೀಳಲಿಲ್ಲ.

"ಕಾಕಾ, ಅವತ್ತ ಬಿಲ್ಲಿ ಒಣಗಿಸಿ ಇಟ್ಟಿದ್ರೋ ಇಲ್ಲೋ?"

ಎಲೆಯ ರಸ ತೆಗೆಯುವುದು ಸ್ಪಿರಿಟ್ಟಿನಲ್ಲಿ. ಅದು ಪೂರ್ತಿ ಆರಿದ ಮೇಲೆಯೇ ಬಿಲ್ಲೆಯನ್ನು ತಟ್ಟೆಗಿಡಬೇಕು. ಸಂಜೆ ಬಿಲ್ಲೆ ಇಡುವ ಕೆಲಸ ಪರಸಪ್ಪನದು; ಅಂದು ಹಸಿಯಾಗಿಯೇ ಇಟ್ಟಿದ್ದ.

"ಐದೂವರಿ ಬಸ್ಸಿಗಿ ಹೊತ್ತಾಗಿತ್ತವ್ವಾ," ಎಂದ.

ಸಂಧ್ಯಾ ಬರಿಯ ಸ್ಪಿರಿಟ್ಟಿನಲ್ಲಿ ಅದ್ದಿದ ಹಸಿ ಬಿಲ್ಲೆಯೊಂದನ್ನಿಟ್ಟು ಮರುದಿನ ತೋರಿಸಿದಳು. ಅಷ್ಟೇ ಅಗಲದ ಕಣ ಬಿದ್ದಿತ್ತು. ರೋಗಾಣು ಕೊಂದದ್ದು ಸ್ಪಿರಿಟ್ಟು; ಎಲೆಯ ಪಾಲು ಅದರಲ್ಲಿ ಏನೂ ಇರಲಿಲ್ಲ.

"ಹೋಗ್ಲಿ ಬಿಡ್ರಿ ಕಾಕಾ, ಒಂದ ತಟ್ಟಿ ಕೆಟ್ಟತು, ಅಷ್ಟ," ಎಂದಳು. ಅವಳಿಗೆ ಅವನ ಮನೆಯ ಸಂಗತಿ ತಿಳಿದಿರಲಿಲ್ಲ.

ಪರಸಪ್ಪ ರಜೆಯನ್ನೂ ಕೇಳದೆ ಊರಿಗೆ ಓಡಿ ಪಟ್ಟಿ ಬಿಚ್ಚಿದ. ಪಾದ ಕಣಕಾಲಿನವರೆಗೆ ಕಪ್ಪಾಗಿತ್ತು. ಬಾಗಲಕೋಟೆಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು; ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು.

"ಎಲಿ ಹತ್ತಲಿಲ್ಲೇನ್ರಿ ನನಗ?" ಎಂದು ಸುವರ್ಣಾ ಕೇಳಿದಳು, ತನ್ನ ಮೈಯದೇ ತಪ್ಪೆಂಬಂತೆ. ಅವನು ಹೊದಿಕೆಯನ್ನು ಎಳೆದು ಹೊದಿಸಿದ. ಆರನೆಯ ದಿನ ಅವಳು ತೀರಿಕೊಂಡಳು. ಬಸ್ಸಿನ ಸಂಗತಿ ಅವಳಿಗೆ ತಿಳಿಯಲೇ ಇಲ್ಲ.

ಪರಸಪ್ಪ ಈಗಲೂ ಅದೇ ಕೆಲಸದಲ್ಲಿದ್ದಾನೆ. ಕಣ ಎಂಬ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಹುಡುಗಿಯರು ಅದ್ದಿಟ್ಟುಹೋದ ಬಿಲ್ಲೆಗಳ ಮುಂದೆ ಸಂಜೆ ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಐದೂವರೆಯ ಬಸ್ಸು ಹೋಗುತ್ತದೆ, ಆಮೇಲಿನದೂ ಹೋಗುತ್ತದೆ. ಅವನು ಚಿಮಟದಿಂದ ಒಂದೊಂದನ್ನೇ ಎತ್ತಿ ಮೂಗಿನ ಹತ್ತಿರ ಹಿಡಿದು, ಇನ್ನೂ ಆರಿಲ್ಲವೆಂದು ಮತ್ತೆ ಇಡುತ್ತಾನೆ.