ಹೆಸರು ಹೇಳದಿದ್ದರೆ ಸಾಕು ಅಂದುಕೊಂಡಿದ್ದೆ

ನಲವತ್ತೊಂದನೇ ವಯಸ್ಸಿನಲ್ಲಿ ನಾನು ಕೌನ್ಸೆಲಿಂಗ್ ಎಂ.ಎಸ್ಸಿ.ಗೆ ಸೇರಿದಾಗ ನಮ್ಮತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಬೇರೆಯೋರ ಕಷ್ಟ ಕೇಳೋಕೆ ಎರಡು ವರ್ಷ ಓದಬೇಕೇನಮ್ಮ? ನಾನು ಜಗಲಿ ಮೇಲೆ ಕೂತ್ಕೊಂಡು ದಿನಾ ಕೇಳ್ತೀನಲ್ಲ!"

ಗೌರಿಬಿದನೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸಿನಲ್ಲಿ ಹೋಗಿ ನಾವು ಕಲಿತದ್ದೂ ಹೆಚ್ಚುಕಮ್ಮಿ ಅದೇ. ನಡುವೆ ಬಾಯಿ ಹಾಕಬಾರದು, ಬುದ್ಧಿವಾದ ಹೇಳಬಾರದು, ಸುಮ್ಮನೆ "ಹ್ಞೂಂ" ಅನ್ನಬೇಕು. ಕೇಳದವರನ್ನೂ ನಿಲ್ಲಿಸಿಕೊಂಡು ಬುದ್ಧಿ ಹೇಳುವ ವಂಶ ನಮ್ಮದು. ನನಗೆ ಇದು ಏಕಾದಶಿ ಉಪವಾಸಕ್ಕಿಂತ ಕಷ್ಟವಾಯಿತು. ಕ್ಲಾಸಿನಲ್ಲಿ ಒಬ್ಬರು ದುಃಖಿ, ಇನ್ನೊಬ್ಬರು ಕೌನ್ಸೆಲರ್ ಅಂತ ನಟಿಸಬೇಕಿತ್ತು. ನನ್ನ ಜೊತೆಯವಳು ನಟಿಸಲು ಹೋಗಿ ಗಂಡನ ಮೇಲಿದ್ದ ನಿಜವಾದ ಸಿಟ್ಟನ್ನೆಲ್ಲ ಕಾರಿಕೊಂಡಳು. ಅಭಿನಯ ಬಹಳ ಸಹಜವಾಗಿತ್ತೆಂದು ಮೇಷ್ಟ್ರು ಹೊಗಳಿದರು.

ಗುಟ್ಟು ಕಾಯುವುದಕ್ಕೂ ಒಂದು ಪೇಪರ್ ಇತ್ತು. ಕೇಳಿದ್ದನ್ನು ಹೊರಗೆ ಆಡಬಾರದು, ಕಲಿಕೆಗಾಗಿ ಚರ್ಚಿಸಿದರೂ ಹೆಸರು ಹೇಳಬಾರದು. ಆ ಪೇಪರಿನಲ್ಲಿ ಇಡೀ ಕ್ಲಾಸಿಗೆ ನಾನೇ ಮೊದಲು. ಮನೆಯಲ್ಲಿ ಒಂದು ವಾರ ಮೆರೆದೆ.

ಎರಡನೇ ವರ್ಷ ತರಬೇತಿಗೆ ವಿದುರಾಶ್ವತ್ಥದ ಆಚೆಯ ಒಂದು ಹೈಸ್ಕೂಲಿಗೆ ಹಾಕಿದರು. ಒಂದು ಮಗುವಿನ ಜೊತೆ ಆರು ಸಲ ಕೂತು ವರದಿ ಕೊಡಬೇಕು, ಇಲ್ಲದಿದ್ದರೆ ಡಿಗ್ರಿ ಇಲ್ಲ. ಬಿಸಿಯೂಟದ ಅಕ್ಕಿ ಮೂಟೆ ಇಡುವ ಕೋಣೆಯಲ್ಲಿ ನನಗೆ ಎರಡು ಕುರ್ಚಿ ಸಿಕ್ಕವು. ಹೆಡ್‌ಮಾಸ್ಟರು ಹುಡುಗರನ್ನು ಹಿಡಿದು ತಂದು, "ಇವನು ಹೋಂವರ್ಕ್ ಮಾಡಲ್ಲ ಮೇಡಂ, ಒಂಚೂರು ಕೌನ್ಸೆಲಿಂಗ್ ಹಾಕಿ" ಅನ್ನುತ್ತಿದ್ದರು, ಇಂಜೆಕ್ಷನ್ನೇನೋ ಅನ್ನುವಂತೆ.

ನನ್ನ ಪಾಲಿಗೆ ಬಂದದ್ದು ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ. ಸಾಕಿದ ಅಜ್ಜಿ ತೀರಿಕೊಂಡಿದ್ದರು. ಹುಡುಗಿ ಅತ್ತಿರಲಿಲ್ಲ, ಶಾಲೆಯಲ್ಲಿ ಊಟ ಬಿಟ್ಟಿದ್ದಳು. ಆರು ಸಲ ಕೂರಬೇಕು, ಇದು ನನ್ನ ಓದಿಗೂ ಬೇಕು ಅಂತ ಮೊದಲೇ ಹೇಳಿದೆ. ಎರಡು ಸಲ ಬಾಯಿ ಬಿಡಲಿಲ್ಲ. ಮೂರನೇ ಸಲ ಕಾಲುಬೆರಳು ನೋಡಿಕೊಂಡು ಹೇಳಿದಳು:

"ಅಜ್ಜಿ ನೀರು ಕೇಳ್ತು ಟೀಚರ್. ಫೋನ್ ನೋಡ್ತಿದ್ದೆ, ಎರಡು ನಿಮಿಷ ಇರಜ್ಜಿ ಅಂದೆ. ತಗೊಂಡು ಹೋಗೋ ಹೊತ್ತಿಗೆ ಆಗೋಗಿತ್ತು. ಮನೇಲಿ ಯಾರಿಗೂ ಗೊತ್ತಿಲ್ಲ."

ಆಮೇಲೆ ಅತ್ತಳು. ನನ್ನ ಕಣ್ಣಲ್ಲೂ ನೀರು ಬಂತು. ಆದರೆ ಸುಳ್ಳು ಯಾಕೆ ಹೇಳಲಿ, ಒಳಗೆ ಹಿಗ್ಗೂ ಇತ್ತು: ನನ್ನೆದುರು ಒಂದು ಜೀವ ಮೊದಲ ಸಲ ಬಾಯಿ ಬಿಟ್ಟಿತ್ತಲ್ಲ! ಆ ಹಿಗ್ಗು ಮಧ್ಯಾಹ್ನದ ಟೀವರೆಗೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಸ್ಟಾಫ್ ರೂಮಿನಲ್ಲಿ ಖಾರಾಮಿಕ್ಸ್ಚರ್ ಮೆಲ್ಲುತ್ತಾ, "ಹೆಸರು ಹೇಳಲ್ಲ, ಒಂದು ಮಗು ಇದೆ, ಅದರ ಅಜ್ಜಿ…" ಅಂತ ಶುರುಮಾಡಿ ನೀರಿನವರೆಗೂ ಹೇಳಿ ಮುಗಿಸಿದೆ. ಪಾಠದ ಪ್ರಕಾರ ತಪ್ಪಿಲ್ಲವೆಂದೇ ಅಂದುಕೊಂಡಿದ್ದೆ. ಅರವತ್ತು ಮನೆಯ ಊರು, ಆ ತಿಂಗಳು ತೀರಿಕೊಂಡ ಅಜ್ಜಿ ಒಬ್ಬರೇ. ತಿಥಿಯ ಊಟಕ್ಕೆ ಆ ಸ್ಟಾಫ್ ರೂಮಿನ ಅರ್ಧ ಜನ ಹೋಗಿ ಬಂದಿದ್ದರು! ಇಷ್ಟೂ ತಿಳಿಯದ ನನ್ನ ತಲೆಗೆ ಏನು ಹೇಳಬೇಕೋ!

ಹಿಂದಿ ಟೀಚರ್ ಬಲು ಒಳ್ಳೆಯ ಹೆಂಗಸು. ಮಾರನೇ ದಿನ ಊಟದ ಸಾಲಿನಲ್ಲೇ ಹುಡುಗಿಯನ್ನು ತಬ್ಬಿಕೊಂಡು, "ಅಯ್ಯೋ ಪಾಪಂ, ನೀರು ಕೊಡ್ಲಿಲ್ಲ ಅಂತ ಕೊರಗಬೇಡ ಕಣಮ್ಮ, ನಿನ್ ತಪ್ಪಲ್ಲ" ಅಂದರು. ಸಾಲಿನಲ್ಲಿ ಅವಳ ಚಿಕ್ಕಪ್ಪನ ಮಗಳೂ ಇದ್ದಳು. ಸಂಜೆಯೊಳಗೆ ಮನೆಗೂ ಗೊತ್ತಾಯಿತು.

ನಾಲ್ಕನೇ ಸಲ ಅವಳು ಬರುವುದಿಲ್ಲ ಅಂದುಕೊಂಡಿದ್ದೆ. ಬಂದಳು. ಕೈ ಹಿಡಿದು, "ತಪ್ಪಾಯ್ತಮ್ಮ, ನಾನೇ ಹೇಳಿಬಿಟ್ಟೆ" ಅಂದೆ. ಕೈ ಬಿಡಿಸಿಕೊಂಡಳು.

"ನಿಮಗಿನ್ನೂ ಮೂರು ಸಲ ಬೇಕು ಅಲ್ವಾ ಟೀಚರ್? ಬಂದು ಕೂತ್ಕೋತೀನಿ. ಏನೂ ಕೇಳಬೇಡಿ."

ಬ್ಯಾಗಿನಿಂದ ಗಣಿತದ ನೋಟ್‌ಬುಕ್ ತೆಗೆದು ಲೆಕ್ಕ ಬಿಡಿಸತೊಡಗಿದಳು. ಆ ದಿನ, ಮುಂದಿನ ವಾರ, ಅದರ ಮುಂದಿನ ವಾರ, ಮೂರು ಸಲವೂ ಹಾಗೆಯೇ. ಬೆಲ್ ಹೊಡೆದರೆ, "ಬರ್ತೀನಿ ಟೀಚರ್" ಅಂತ ಎದ್ದು ಹೋಗುತ್ತಿದ್ದಳು. ಬೇಡಮ್ಮ, ನನಗೋಸ್ಕರ ಬರಬೇಡ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ನನಗೆ ಆ ಡಿಗ್ರಿ ಬೇಕಿತ್ತು.